ದೂರದಿಂದ ದೋಣಿ ನಡೆಸಿದ ನಿಕೋಲಾ ಟೆಸ್ಲಾ

ನಮ್ಮ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. ನಾನು ಬರಹಗಾರನಲ್ಲ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೂ ಈ ಶಾಲೆಯ ಅನ್ನ ಉಂಡಷ್ಟೇ ಋಣ ನನ್ನ ಮೇಲಿದೆ ಎಂದು ಒಪ್ಪಿಕೊಂಡೆ. ಹತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಲಾಳಾಕಾರದ ಅಯಸ್ಕಾಂತ, ಒಂದು ತಾಮ್ರದ ತಂತಿಯ ಸುರುಳಿ ಮೇಜಿನ ಮೇಲಿಟ್ಟು ಕಾಂತಕ್ಷೇತ್ರದ ಪಾಠ ಮಾಡುತ್ತಿದ್ದರು. ಅದನ್ನು ಅಳೆಯುವ ಏಕಮಾನಕ್ಕೆ ಟೆಸ್ಲಾ ಎಂಬ ಹೆಸರು ಎಂದು ಬೋರ್ಡಿನ ಮೇಲೆ ಬರೆದಿದ್ದರು. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದ ಎಂಬುದು ನನಗೆ ಎಷ್ಟೋ ವರ್ಷಗಳ ನಂತರ ತಿಳಿಯಿತು. ಅವರನ್ನೇ ಆರಿಸಿಕೊಳ್ಳಲು ನನ್ನದೇ ಆದ ಇನ್ನೊಂದು ಕಾರಣವೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ನಿಕೋಲಾ ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಸ್ಮಿಲ್ಯಾನ್ ಎಂಬ ಸಣ್ಣ ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು, ಈಗ ಕ್ರೊಯೇಷಿಯಾ ದೇಶದಲ್ಲಿದೆ. ಅವರದು ಸರ್ಬಿಯನ್ ಮನೆತನ. ತಂದೆ ಮಿಲುಟಿನ್ ಚರ್ಚಿನ ಪಾದ್ರಿ. ತಾಯಿ ಶಾಲೆಗೆ ಹೋದವರಲ್ಲ, ಆದರೆ ಉದ್ದುದ್ದ ಕಥನಗೀತೆಗಳನ್ನು ಬಾಯಿಪಾಠವಾಗಿ ಹೇಳುತ್ತಿದ್ದರು. ಮನೆಗೆಲಸ ಸುಲಭವಾಗಲೆಂದು ಸಣ್ಣಪುಟ್ಟ ಸಲಕರಣೆಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ತಮಗೆ ಬಂದ ಬುದ್ಧಿ ತಾಯಿಯ ಕಡೆಯದು ಎಂದು ಟೆಸ್ಲಾ ಕೊನೆಯವರೆಗೂ ನಂಬಿದ್ದರು. ಅವರು ಚಿಕ್ಕವರಿದ್ದಾಗಲೇ ಅಣ್ಣ ಕುದುರೆಯ ಅಪಘಾತದಲ್ಲಿ ತೀರಿಕೊಂಡರು. ಮನೆಯವರೆಲ್ಲ ಮೆಚ್ಚಿದ್ದ ಜಾಣ ಹುಡುಗ ಹೋದ ಮೇಲೆ ಉಳಿದ ಮಗನ ಮೇಲೆ ಆ ನೆರಳು ಬಹುಕಾಲ ಬಿದ್ದಿತ್ತು.

ಮಗ ತಮ್ಮ ಹಾಗೆ ಪಾದ್ರಿಯಾಗಬೇಕೆಂಬುದು ತಂದೆಯ ಆಸೆ. ಆದರೆ 1873ರಲ್ಲಿ ನಿಕೋಲಾ ಅವರಿಗೆ ಕಾಲರಾ ತಗುಲಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಬದುಕುವ ಭರವಸೆಯೇ ಇರಲಿಲ್ಲ. ಆಗ ತಂದೆ, ಮಗ ಗುಣವಾದರೆ ಎಂಜಿನಿಯರಿಂಗ್ ಓದಿಸುವುದಾಗಿ ಮಾತು ಕೊಟ್ಟರು. ಮಗ ಬದುಕಿದ, ತಂದೆ ಮಾತು ಉಳಿಸಿಕೊಂಡರು. 1875ರಲ್ಲಿ ವಿದ್ಯಾರ್ಥಿವೇತನ ಪಡೆದು ಗ್ರಾಜ್ ನಗರದ ತಾಂತ್ರಿಕ ಕಾಲೇಜಿಗೆ ಸೇರಿದರು. ಮೊದಲ ವರ್ಷ ಎಲ್ಲರಿಗಿಂತ ಮುಂದಿದ್ದರು. ಮುಂದೆ ಜೂಜಿನ ಚಟಕ್ಕೆ ಬಿದ್ದು ಪದವಿ ಮುಗಿಸದೆ ಕಾಲೇಜು ಬಿಟ್ಟರು. ನಮ್ಮ ವಿದ್ಯಾರ್ಥಿಗಳು ಇದನ್ನು ಅನುಕರಿಸಬೇಕಾಗಿಲ್ಲ. ಆದರೆ ಒಮ್ಮೆ ಜಾರಿದವರು ಮತ್ತೆ ಏಳಬಲ್ಲರು ಎಂಬುದಕ್ಕೆ ಇದೂ ಒಂದು ನಿದರ್ಶನ.

ಆ ಕಾಲೇಜಿನಲ್ಲಿ ಒಂದು ಡೈನಮೋ ಯಂತ್ರ ಕಿಡಿ ಕಾರುತ್ತಾ ತಿರುಗುವುದನ್ನು ನೋಡಿದಾಗಲೇ ಟೆಸ್ಲಾ ಅವರ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟಿತ್ತು. ಕಿಡಿ ಹಾರಿಸುವ ಆ ಬ್ರಷ್‌ಗಳೇ ಇಲ್ಲದೆ ಮೋಟಾರ್ ತಿರುಗಿಸಲು ಆಗದೇ? ಗುರುಗಳು ಅದು ಅಸಾಧ್ಯವೆಂದು ತರಗತಿಯ ಮುಂದೆಯೇ ತಳ್ಳಿಹಾಕಿದರು. ಪ್ರಶ್ನೆ ಮಾತ್ರ ಹೋಗಲಿಲ್ಲ. 1882ರಲ್ಲಿ ಬುಡಾಪೆಸ್ಟ್ ನಗರದ ಒಂದು ಉದ್ಯಾನದಲ್ಲಿ ಗೆಳೆಯನೊಡನೆ ನಡೆಯುತ್ತಿದ್ದಾಗ ಉತ್ತರ ಹೊಳೆಯಿತು. ಒಂದರ ಹಿಂದೆ ಒಂದರಂತೆ ಬರುವ ಎಸಿ ವಿದ್ಯುತ್ ಪ್ರವಾಹಗಳನ್ನು ಸುರುಳಿಗಳಿಗೆ ಕೊಟ್ಟರೆ ಕಾಂತಕ್ಷೇತ್ರವೇ ಸುತ್ತುತ್ತದೆ, ಅದರ ಹಿಂದೆ ನಡುವಿನ ಉರುಳೆಯೂ ಸುತ್ತುತ್ತದೆ. ನಮ್ಮ ಊರಿನ ಬೋರ್‌ವೆಲ್‌ಗಳಲ್ಲಿ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ತಿರುಗುವ ಪಂಪ್‌ಸೆಟ್ ಮೋಟಾರ್ ಕೆಲಸ ಮಾಡುವುದು ಇದೇ ತತ್ವದ ಮೇಲೆ.

1884ರಲ್ಲಿ ಟೆಸ್ಲಾ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದರು. ಇಳಿದಾಗ ಜೇಬಿನಲ್ಲಿ ನಾಲ್ಕು ಸೆಂಟ್ ಇತ್ತೆಂದು ಹೇಳುತ್ತಾರೆ. ಥಾಮಸ್ ಎಡಿಸನ್ ಅವರ ಬಳಿ ಕೆಲಸಕ್ಕೆ ಸೇರಿ ಸುಮಾರು ಆರು ತಿಂಗಳಲ್ಲಿ ಬಿಟ್ಟರು. ಸ್ವಂತ ಕಂಪನಿ ಮಾಡಲು ಹೋಗಿ ಪಾಲುದಾರರಿಂದ ಬೀದಿಪಾಲಾದರು. ಹೊಟ್ಟೆಪಾಡಿಗಾಗಿ ದಿನಕ್ಕೆ ಎರಡು ಡಾಲರ್ ಕೂಲಿಗೆ ಗುಂಡಿ ತೋಡುವ ಕೆಲಸವನ್ನೂ ಮಾಡಿದರು. ಅದಾದ ಸ್ವಲ್ಪ ಕಾಲದಲ್ಲೇ, 1888ರಲ್ಲಿ, ಅವರ ಎಸಿ ಮೋಟಾರಿಗೆ ಪೇಟೆಂಟ್ ದೊರೆತು, ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬ ಉದ್ಯಮಿ ಅದರ ಹಕ್ಕು ಕೊಂಡರು. 1893ರ ಷಿಕಾಗೋ ವಿಶ್ವ ಮೇಳ ಎಸಿ ವಿದ್ಯುತ್ತಿನಿಂದ ಬೆಳಗಿತು. ಅದೇ ವರ್ಷ ಅದೇ ಷಿಕಾಗೋದಲ್ಲಿ ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದರು. ಮೂರು ವರ್ಷಗಳ ನಂತರ ನ್ಯೂಯಾರ್ಕಿನಲ್ಲಿ ಇವರಿಬ್ಬರ ಭೇಟಿಯೂ ಆಯಿತು. 1896ರಲ್ಲಿ ನಯಾಗರ ಜಲಪಾತದ ವಿದ್ಯುತ್ ಬಫಲೋ ನಗರವನ್ನು ತಲುಪಿತು.

ಎಸಿ ವಿದ್ಯುತ್ ಇಲ್ಲದಿದ್ದರೆ ಕರೆಂಟನ್ನು ಅಷ್ಟು ದೂರ ಒಯ್ಯುವುದು ಆಗ ಬಹಳ ಕಷ್ಟವಾಗಿತ್ತು. ನಯಾಗರದ ಆರು ವರ್ಷಗಳ ನಂತರ, 1902ರಲ್ಲಿ, ನಮ್ಮ ಶಿವನಸಮುದ್ರದ ವಿದ್ಯುತ್ 90 ಮೈಲಿಗೂ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಆ ದೀಪಗಳ ಹಿಂದೆಯೂ ಈ ಹಳ್ಳಿ ಹುಡುಗನ ಆಲೋಚನೆ ಇತ್ತು ಎನ್ನುವುದು ನಾವು ನೆನೆಯಬೇಕಾದ ವಿಷಯ.

ಇಷ್ಟು ಸಂಗತಿ ಹಲವು ಪುಸ್ತಕಗಳಲ್ಲಿ ಸಿಗುತ್ತದೆ. ನಾನು ಹೇಳಬೇಕೆಂದುಕೊಂಡದ್ದು ಅವರ ಇನ್ನೊಂದು ಕೆಲಸದ ಬಗ್ಗೆ. 1895ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಅವರ ಪ್ರಯೋಗಾಲಯ ಬೆಂಕಿಗೆ ಸುಟ್ಟುಹೋಯಿತು. ವಿಮೆ ಇರಲಿಲ್ಲ. ವರ್ಷಗಳ ಟಿಪ್ಪಣಿ, ಯಂತ್ರಗಳೆಲ್ಲ ಬೂದಿಯಾದವು. ಟೆಸ್ಲಾ ಮತ್ತೆ ಮೊದಲಿನಿಂದ ಶುರುಮಾಡಿದರು. ಮೂರು ವರ್ಷಗಳಲ್ಲಿ, 1898ರಲ್ಲಿ, ಅದೇ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ವಿದ್ಯುತ್ ಪ್ರದರ್ಶನದಲ್ಲಿ ಜನರ ಮುಂದೆ ಒಂದು ಅಚ್ಚರಿಯನ್ನು ಇಟ್ಟರು.

ಒಂದು ನೀರಿನ ತೊಟ್ಟಿ. ಅದರಲ್ಲೊಂದು ಚಿಕ್ಕ ಕಬ್ಬಿಣದ ದೋಣಿ. ದೋಣಿಯಲ್ಲಿ ಯಾರೂ ಇಲ್ಲ, ಅದಕ್ಕೆ ತಂತಿಯೂ ಇಲ್ಲ. ದೂರದಲ್ಲಿ ನಿಂತ ಟೆಸ್ಲಾ ಒಂದು ಪೆಟ್ಟಿಗೆಯ ಹಿಡಿಕೆ ಆಡಿಸಿದರೆ ದೋಣಿ ಎಡಕ್ಕೆ ತಿರುಗುತ್ತದೆ, ಬಲಕ್ಕೆ ತಿರುಗುತ್ತದೆ, ನಿಲ್ಲುತ್ತದೆ, ದೀಪ ಮಿನುಗಿಸುತ್ತದೆ. ಒಳಗೆ ಇದ್ದದ್ದು ಬ್ಯಾಟರಿ, ಮೋಟಾರ್, ಮತ್ತು ಲೋಹದ ಪುಡಿ ತುಂಬಿದ ಒಂದು ಕೊಳವೆ. ರೇಡಿಯೋ ಅಲೆ ಬಂದು ತಾಗಿದರೆ ಆ ಪುಡಿಯಲ್ಲಿ ವಿದ್ಯುತ್ ಹರಿಯುತ್ತದೆ, ಸ್ವಿಚ್ ಬೀಳುತ್ತದೆ, ಚುಕ್ಕಾಣಿ ಒಂದು ಹೆಜ್ಜೆ ತಿರುಗುತ್ತದೆ. ಮುಂದಿನ ಅಲೆಗೆ ಸಿದ್ಧವಾಗಲೆಂದು ಕೊಳವೆ ತಾನೇ ಮಗುಚಿಕೊಳ್ಳುತ್ತದೆ. ರೇಡಿಯೋದಲ್ಲಿ ಮನುಷ್ಯನ ಧ್ವನಿ ಇನ್ನೂ ಕೇಳಿರದ ಕಾಲದಲ್ಲಿ ಇದು ನಡೆಯಿತು ಎಂಬುದನ್ನು ಓದುಗರು ಗಮನಿಸಬೇಕು. ಆ ವರ್ಷದ ನವೆಂಬರ್ 8ರಂದು ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಪೇಟೆಂಟ್ ಕಚೇರಿಯ ಪರೀಕ್ಷಕರು ಮೊದಲು ನಂಬದೆ, ತಾವೇ ಬಂದು ನೋಡಿದ ಮೇಲೆ ಒಪ್ಪಿದರೆಂದು ಟೆಸ್ಲಾ ಬರೆದುಕೊಂಡಿದ್ದಾರೆ.

ಪ್ರದರ್ಶನಕ್ಕೆ ಬಂದ ಜನ ಬೆರಗಾದರು. ಅದು ಮಂತ್ರವೆಂದವರಿದ್ದರು, ಒಳಗೆ ಪಳಗಿಸಿದ ಕೋತಿ ಇದೆ ಎಂದವರೂ ಇದ್ದರಂತೆ. ಟೆಸ್ಲಾ ಸ್ವಲ್ಪ ತಮಾಷೆಯನ್ನೂ ಮಾಡಿದರು. ಸಭಿಕರು ದೋಣಿಗೆ ಲೆಕ್ಕ ಕೇಳಬಹುದಿತ್ತು. ಒಬ್ಬರು 64ರ ಘನಮೂಲ ಕೇಳಿದಾಗ ದೋಣಿಯ ದೀಪ ನಾಲ್ಕು ಸಲ ಮಿನುಗಿತು. ದೋಣಿಯೇ ಲೆಕ್ಕ ಮಾಡಿತೆಂದು ಜನ ತಿಳಿದರು. ಲೆಕ್ಕ ಮಾಡಿದ್ದು ದೂರ ನಿಂತಿದ್ದ ಮನುಷ್ಯ. ಯಂತ್ರ ಇಲ್ಲಿ, ಅದನ್ನು ಆಡಿಸುವ ಕೈ ಅಲ್ಲಿ. ನೋಡುವವರಿಗೆ ಯಂತ್ರ ಕಾಣುತ್ತದೆ, ಕೈ ಕಾಣುವುದಿಲ್ಲ. ಇಂದು ನಾವು ಡ್ರೋನ್ ಎಂದು ಕರೆಯುವ ಎಲ್ಲ ಯಂತ್ರಗಳ ಸ್ವಭಾವವೂ ಇದೇ.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಒಂದು, ದೋಣಿ ತನ್ನ ಒಡೆಯನ ಮಾತನ್ನು ಮಾತ್ರ ಕೇಳುವಂತೆ ಮಾಡುವುದು ಹೇಗೆ? ಎರಡು, ಆ ಒಡೆಯ ಯಾರೆಂದು ಉಳಿದವರಿಗೆ ತಿಳಿಯುವುದು ಹೇಗೆ?

ಮೊದಲ ಪ್ರಶ್ನೆಗೆ ಟೆಸ್ಲಾ ತಲೆ ಕೆಡಿಸಿಕೊಂಡರು. ಅಂದಿನ ರೇಡಿಯೋ ಯಂತ್ರಗಳು ಸಂತೆಯಲ್ಲಿ ಕೂಗಿದ ಹಾಗೆ, ಯಾರು ಕೂಗಿದರೂ ಎಲ್ಲರಿಗೂ ಕೇಳುತ್ತಿತ್ತು. ಎಲ್ಲೋ ಮಿಂಚು ಹೊಡೆದರೂ ಸ್ವಿಚ್ ಬೀಳಬಹುದಿತ್ತು. ಆಕಾಶವಾಣಿ ಕೇಳಲು ನಾವು ರೇಡಿಯೋದ ಗುಂಡಿ ತಿರುಗಿಸಿ ಕೇಂದ್ರ ಹುಡುಕುವ ಹಾಗೆ, ಕಳಿಸುವ ಯಂತ್ರ ಮತ್ತು ಕೇಳುವ ಯಂತ್ರ ಎರಡನ್ನೂ ಒಂದೇ ಆವರ್ತನಕ್ಕೆ ಹೊಂದಿಸುವುದು ಮೊದಲ ಉಪಾಯ. ಅದೂ ಸಾಲದೆಂದು ಅವರಿಗೆ ಅನಿಸಿತು. ಆದ್ದರಿಂದ ಎರಡು ಬೇರೆ ಬೇರೆ ಆವರ್ತನದ ಅಲೆಗಳು ಒಟ್ಟಿಗೆ ಬಂದರೆ ಮಾತ್ರ ಕೆಲಸ ಮಾಡುವ ಯಂತ್ರವನ್ನು ಯೋಚಿಸಿದರು. ಬ್ಯಾಂಕಿನ ಲಾಕರ್ ತೆರೆಯಲು ಬ್ಯಾಂಕಿನವರ ಕೀಲಿಕೈ ಮತ್ತು ನಮ್ಮ ಕೀಲಿಕೈ ಎರಡೂ ಬೇಕಲ್ಲವೇ, ಹಾಗೆ. 1903ರಲ್ಲಿ ಇದಕ್ಕೆ ಎರಡು ಪೇಟೆಂಟ್‌ಗಳು ದೊರೆತವು. ಕಂಪ್ಯೂಟರ್ ಓದುವ ನಮ್ಮ ವಿದ್ಯಾರ್ಥಿಗಳು ಇದನ್ನು ಆಂಡ್ ಗೇಟ್ ಎಂದು ಗುರುತಿಸಬಹುದು.

ಇಂದಿನ ಹವ್ಯಾಸಿ ಡ್ರೋನ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಎಂಬ ಪಟ್ಟಿಯಲ್ಲಿ ಮಾತನಾಡುತ್ತವೆ. ವೈಫೈ, ಬ್ಲೂಟೂತ್ ಎಲ್ಲವೂ ಇದೇ ಪಟ್ಟಿಯಲ್ಲಿವೆ. ಜಾತ್ರೆಯ ಗದ್ದಲದಲ್ಲಿ ಮಗುವನ್ನು ಕರೆದ ಹಾಗೆ. ಅದಕ್ಕಾಗಿ ರಿಮೋಟ್ ಮತ್ತು ಡ್ರೋನ್ ಮೊದಲೇ ಪರಸ್ಪರ ಗುರುತು ಹಾಕಿಕೊಂಡಿರುತ್ತವೆ. ಆಮೇಲೆ ಇಬ್ಬರಿಗೆ ಮಾತ್ರ ಗೊತ್ತಿರುವ ಕ್ರಮದಲ್ಲಿ ಕ್ಷಣಕ್ಷಣಕ್ಕೂ ಆವರ್ತನ ಬದಲಿಸುತ್ತಾ ಮಾತನಾಡುತ್ತವೆ. ಒಂದು ಕಡೆ ಗದ್ದಲವಿದ್ದರೆ ಇನ್ನೊಂದು ಕಡೆ ಕೇಳಿಸುತ್ತದೆ. ಇಷ್ಟಿದ್ದರೂ ಮರ, ಗೋಡೆ, ದಿಬ್ಬ ಅಡ್ಡ ಬಂದರೆ ಸಿಗ್ನಲ್ ಸೋಲುತ್ತದೆ. ನೀರು ತುಂಬಿದ ಹಸಿ ಎಲೆಗಳು ಅಲೆಯನ್ನು ನುಂಗುತ್ತವೆ. ಹಾಗಾಗಿ ಸಿಗ್ನಲ್ ತಪ್ಪಿದರೆ ಏನು ಮಾಡಬೇಕೆಂದು ಡ್ರೋನ್‌ಗೆ ಮೊದಲೇ ಹೇಳಿಕೊಟ್ಟಿರಬೇಕು. ಹೊರಟ ಜಾಗಕ್ಕೆ ಮರಳು, ಇಲ್ಲವೇ ಮೆಲ್ಲಗೆ ಇಳಿ ಎಂದು. ಒಡೆಯನ ಮಾತು ಕೇಳಿಸದಿದ್ದಾಗ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಎಂಬುದರಲ್ಲೇ ಅದನ್ನು ಮಾಡಿದವರ ಜವಾಬ್ದಾರಿ ಗೊತ್ತಾಗುತ್ತದೆ.

ಎರಡನೆಯ ಪ್ರಶ್ನೆಯನ್ನು ಟೆಸ್ಲಾ ಅವರ ದೋಣಿ ಬಿಡಿಸಲಿಲ್ಲ. ಇಂಥ ಯಂತ್ರಗಳು ಯುದ್ಧದಲ್ಲಿ ಎಷ್ಟು ಭಯಂಕರವಾಗುತ್ತವೆಂದರೆ ಅವುಗಳಿಗೆ ಹೆದರಿ ದೇಶಗಳು ಯುದ್ಧವನ್ನೇ ಬಿಡುತ್ತವೆ ಎಂದು ಅವರು ಪೇಟೆಂಟ್ ಪತ್ರದಲ್ಲೇ ಬರೆದರು. ಅಂದು ಅಮೆರಿಕದ ನೌಕಾಪಡೆ ದೋಣಿಯಲ್ಲಿ ಆಸಕ್ತಿ ತೋರಿಸಲಿಲ್ಲ. ಇಂದು ಯುದ್ಧಭೂಮಿಗಳಲ್ಲಿ ಡ್ರೋನ್‌ಗಳು ತುಂಬಿವೆ, ಶಾಂತಿ ಬಂದಿಲ್ಲ. ಯಂತ್ರ ಚೆನ್ನಾದರೆ ಮನುಷ್ಯನೂ ಒಳ್ಳೆಯವನಾಗುತ್ತಾನೆ ಎಂಬ ಅವರ ನಂಬಿಕೆ ದೊಡ್ಡ ಮನಸ್ಸಿನದು, ಆದರೆ ನಿಜವಾಗಲಿಲ್ಲ.

ಆ ಪ್ರಶ್ನೆಗೆ ಉತ್ತರ ಬಂದದ್ದು ಕಾನೂನಿನ ದಾರಿಯಿಂದ. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ರೇಡಿಯೋದಲ್ಲಿ ಗೊಂದಲದ, ತಪ್ಪು ಸುದ್ದಿಗಳು ಹರಿದಾಡಿದವು. ಅದೇ ವರ್ಷ ಅಮೆರಿಕ ರೇಡಿಯೋ ಕಾಯ್ದೆ ತಂದಿತು. ಹವ್ಯಾಸಿಗಳೂ ಸೇರಿದಂತೆ ರೇಡಿಯೋ ಕಳಿಸುವವರಿಗೆ ಪರವಾನಗಿ ಬೇಕಾಯಿತು, ಪ್ರತಿ ಕೇಂದ್ರಕ್ಕೂ ಒಂದು ಗುರುತಿನ ಅಕ್ಷರಮಾಲೆ ಬಂತು. ನೂರು ವರ್ಷಗಳ ನಂತರ ಅದೇ ಮಾತು ಡ್ರೋನ್‌ಗಳಿಗೂ ಬಂದಿತು. ಅಮೆರಿಕದ ವಿಮಾನಯಾನ ಇಲಾಖೆ 2021ರಲ್ಲಿ ರಿಮೋಟ್ ಐಡಿ ಎಂಬ ನಿಯಮ ಪ್ರಕಟಿಸಿತು. ನೋಂದಣಿ ಮಾಡಿಸಬೇಕಾದ ಡ್ರೋನ್ ಹಾರುವಾಗ ತನ್ನ ಗುರುತಿನ ಸಂಖ್ಯೆ, ತಾನಿರುವ ಜಾಗ, ಎತ್ತರ, ವೇಗ, ಜೊತೆಗೆ ಅದನ್ನು ನಡೆಸುವವರು ನಿಂತಿರುವ ಜಾಗವನ್ನೂ ವೈಫೈ ಅಥವಾ ಬ್ಲೂಟೂತ್ ಮೂಲಕ ಸಾರುತ್ತಿರಬೇಕು. ಅಂಥ ವ್ಯವಸ್ಥೆ ಇಲ್ಲದ ಹಳೆಯ ಡ್ರೋನ್‌ಗೆ ಒಂದು ಚಿಕ್ಕ ಯಂತ್ರ ಕಟ್ಟಿದರೆ ಅದು ಹೊರಟ ಜಾಗವನ್ನು ಹೇಳುತ್ತದೆ. ಹೆಸರು, ವಿಳಾಸ ಸಾರುವುದಿಲ್ಲ. ಸಂಖ್ಯೆಯಿಂದ ಹೆಸರು ತಿಳಿಯುವುದು ಅಧಿಕಾರಿಗಳಿಗೆ ಮಾತ್ರ. ಖಾಸಗಿತನಕ್ಕೆ ಧಕ್ಕೆ ಎಂದು ಒಬ್ಬ ಡ್ರೋನ್ ಹವ್ಯಾಸಿ ನ್ಯಾಯಾಲಯಕ್ಕೆ ಹೋದರು. 2022ರಲ್ಲಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. 2024ರ ಮಾರ್ಚ್‌ನಿಂದ ಅದು ಬಿಗಿಯಾಗಿ ಜಾರಿಗೆ ಬಂದಿದೆ.

ನಮ್ಮ ದೇಶದಲ್ಲೂ 2021ರ ಡ್ರೋನ್ ನಿಯಮಗಳಿವೆ. ವಿನಾಯಿತಿ ಪಡೆದವುಗಳನ್ನು ಬಿಟ್ಟರೆ ಡ್ರೋನ್‌ಗೆ ವಿಶಿಷ್ಟ ಗುರುತಿನ ಸಂಖ್ಯೆ ಬೇಕು. ಹಾರುತ್ತಲೇ ತನ್ನ ಜಾಗ ಹೇಳುವ ವ್ಯವಸ್ಥೆಯನ್ನು ಮುಂದೆ ಕಡ್ಡಾಯ ಮಾಡಲು ನಿಯಮದಲ್ಲೇ ಅವಕಾಶ ಇಟ್ಟಿದ್ದಾರೆ. ಹಸುವಿನ ಕಿವಿಗೆ ಸಂಖ್ಯೆಯ ಓಲೆ ಹಾಕುವುದನ್ನು ನಾವು ಕಂಡಿದ್ದೇವೆ. ಬೇರೆಯವರ ಹೊಲ ಮೇಯ್ದ ಹಸು ಯಾರದೆಂದು ತಿಳಿಯಬೇಕಾದರೆ ಗುರುತು ಬೇಕು. ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ ಜಾಗ ಅಳೆಯಲು ಡ್ರೋನ್‌ಗಳು ಬಂದಿವೆ, ಹೊಲಕ್ಕೆ ಔಷಧಿ ಸಿಂಪಡಿಸಲೂ ಬರುತ್ತಿವೆ. ತಲೆಯ ಮೇಲೆ ಹಾರುವುದು ಯಾರದೆಂದು ಕೇಳುವ ಹಕ್ಕು ಕೆಳಗೆ ನಿಂತವರಿಗೆ ಇದ್ದೇ ಇದೆ.

ಟೆಸ್ಲಾ ಅವರ ಕೊನೆಯ ದಿನಗಳು ಸುಖವಾಗಿರಲಿಲ್ಲ. ವೆಸ್ಟಿಂಗ್‌ಹೌಸ್ ಕಂಪನಿ ಕಷ್ಟದಲ್ಲಿದ್ದಾಗ ತಮಗೆ ಬರಬೇಕಿದ್ದ ರಾಯಧನದ ಹಕ್ಕನ್ನು ಬಿಟ್ಟುಕೊಟ್ಟಿದ್ದರು. ತಂತಿಯಿಲ್ಲದೆ ಜಗತ್ತಿಗೆಲ್ಲ ಸುದ್ದಿ, ವಿದ್ಯುತ್ ಕಳಿಸಬೇಕೆಂದು 1901ರಲ್ಲಿ ವಾರ್ಡನ್‌ಕ್ಲಿಫ್ ಎಂಬಲ್ಲಿ ಗೋಪುರ ಕಟ್ಟಲು ತೊಡಗಿದರು. ಹಣ ಕೊಟ್ಟಿದ್ದ ಜೆ. ಪಿ. ಮೋರ್ಗನ್ ಮುಂದೆ ಕೊಡಲಿಲ್ಲ, 1917ರಲ್ಲಿ ಗೋಪುರವನ್ನು ಕೆಡವಿದರು. ಮದುವೆಯಾಗಲಿಲ್ಲ. ಹೋಟೆಲಿನಿಂದ ಹೋಟೆಲಿಗೆ ಬದಲಾಯಿಸುತ್ತಾ, ಬಾಡಿಗೆ ಬಾಕಿ ಉಳಿಸಿಕೊಳ್ಳುತ್ತಾ, ಪಾರಿವಾಳಗಳಿಗೆ ಕಾಳು ಹಾಕುತ್ತಾ ಬದುಕಿದರು. 1943ರ ಜನವರಿ 7ರಂದು ನ್ಯೂಯಾರ್ಕಿನ ಒಂದು ಹೋಟೆಲ್ ಕೋಣೆಯಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡರು. ಆಗ ಅವರಿಗೆ 86 ವರ್ಷ. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಮಾರ್ಕೋನಿ ಅವರ ಒಂದು ರೇಡಿಯೋ ಪೇಟೆಂಟಿನ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಅವುಗಳನ್ನು ಮೊದಲೇ ಮಾಡಿದವರಲ್ಲಿ ಟೆಸ್ಲಾ ಹೆಸರೂ ಇತ್ತು. ಕೇಳಲು ಅವರೇ ಇರಲಿಲ್ಲ. 1960ರಲ್ಲಿ ಕಾಂತಕ್ಷೇತ್ರದ ಏಕಮಾನಕ್ಕೆ ಅವರ ಹೆಸರಿಟ್ಟರು. ಹಾಗೆ ಅವರು ನಮ್ಮ ಶಾಲೆಯ ಬೋರ್ಡಿನ ಮೇಲೆ ಬಂದರು.

ಇನ್ನು ಮೊದಲು ಹೇಳಿದ ನನ್ನ ಕಾರಣ. ಬಿ.ಇ. ಮೂರನೇ ವರ್ಷದ ರಜೆಯಲ್ಲಿ ನಾನು ಮತ್ತು ನನ್ನೊಬ್ಬ ಸ್ನೇಹಿತ ಬಿಡಿಭಾಗ ತರಿಸಿ, ನಾಲ್ಕು ರೆಕ್ಕೆಯ ಒಂದು ಡ್ರೋನ್ ಜೋಡಿಸಿದೆವು. ಒಂದು ಸಂಜೆ ಇದೇ ಶಾಲೆಯ ಮೈದಾನದಲ್ಲಿ ಹಾರಿಸಿದೆವು. ಬೇವಿನ ಮರಗಳನ್ನು ದಾಟಿದ ಕೂಡಲೇ ಸಿಗ್ನಲ್ ತಪ್ಪಿತು. ತಪ್ಪಿದರೆ ಏನು ಮಾಡಬೇಕೆಂದು ನಾವು ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಅದು ಆಚೆ ಬೀದಿಯ ಒಂದು ಮನೆಯ ಮಾಡಿನ ಮೇಲೆ ಬಿದ್ದು ಹೆಂಚು ಒಡೆಯಿತು. ಒಳಗಿದ್ದ ಅಜ್ಜಿ ಹೊರಗೆ ಬಂದು ಇದು ಯಾರದೆಂದು ಬೀದಿಗೆಲ್ಲ ಕೇಳುವಂತೆ ಕೇಳಿದರು. ನಾವಿಬ್ಬರೂ ಕಾಂಪೌಂಡ್ ಗೋಡೆಯ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದೆವು. ಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರ ಆಟದ ಸಾಮಾನೇ ಇರಬೇಕೆಂದು ದೊಡ್ಡವರು ಆ ಹುಡುಗರನ್ನು ಬೈದರು. ಆಗಲೂ ನಾವು ಎದ್ದು ನಿಲ್ಲಲಿಲ್ಲ. ಮರುದಿನ ಬೆಂಗಳೂರಿನ ಬಸ್ಸು ಹತ್ತಿದೆ. ಡ್ರೋನ್ ಅಲ್ಲೇ ಉಳಿಯಿತು.

ಕಾಯ್ದೆ ಯಂತ್ರಕ್ಕೆ ಸಂಖ್ಯೆ ಕೊಡಬಹುದು. ಆ ಸಂಜೆ ನಮ್ಮ ಡ್ರೋನ್ ತನ್ನ ಸಂಖ್ಯೆಯನ್ನೂ ನಾವು ನಿಂತ ಜಾಗವನ್ನೂ ಸಾರುತ್ತಿದ್ದರೆ ಆ ಹುಡುಗರು ಬೈಗುಳದಿಂದ ಉಳಿಯುತ್ತಿದ್ದರು. ಆದರೆ ಐವತ್ತು ಹೆಜ್ಜೆ ದೂರದಲ್ಲಿದ್ದ ನಮಗೆ ಅಷ್ಟು ಹೇಳಲು ಯಾವ ಯಂತ್ರವೂ ಬೇಕಿರಲಿಲ್ಲ. ಟೆಸ್ಲಾ ಅವರ ಜೀವನ ಓದುತ್ತಾ ನನಗೆ ಪದೇ ಪದೇ ನೆನಪಾದದ್ದು ಇದು. ದೂರದಿಂದ ಕೆಲಸ ಮಾಡುವ ಶಕ್ತಿ ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲೂ ಇದೆ, ಮೊಬೈಲಿನಲ್ಲೂ ಇದೆ. ಕೈ ಕಾಣುವುದಿಲ್ಲ ಎಂಬ ಧೈರ್ಯದಿಂದ ಏನನ್ನೂ ಮಾಡಬಾರದು. ಮಾಡಿದ್ದು ತಪ್ಪಾದರೆ ನನ್ನದೆಂದು ಹೇಳಲು ತಡಮಾಡಬಾರದು.

ಆ ಅಜ್ಜಿ ಈಗಿಲ್ಲ. ಆ ಹುಡುಗರು ಇಂದು ದೊಡ್ಡವರಾಗಿ, ಈ ಸಂಚಿಕೆಯನ್ನು ಓದುತ್ತಿರಬಹುದು. ಅವರಿಗೂ, ಆ ಮನೆಯವರಿಗೂ ನನ್ನ ಮಾತು ಇಷ್ಟೇ: ಅದು ನನ್ನದು. ಸುವರ್ಣ ಮಹೋತ್ಸವಕ್ಕೆ ಊರಿಗೆ ಬಂದಾಗ ಆ ಮನೆಯ ಬಾಗಿಲಿಗೆ ಹೋಗಿ ಇದನ್ನೇ ಹೇಳಿ, ಹೆಂಚಿನ ಬಾಬ್ತು ಕೊಟ್ಟು ಬರುತ್ತೇನೆ. ನಮ್ಮ ಶಾಲೆ ಇನ್ನೂ ನೂರಾರು ಮಕ್ಕಳಿಗೆ ವಿದ್ಯೆಯನ್ನೂ ಇಂಥ ಧೈರ್ಯವನ್ನೂ ಕಲಿಸಲಿ ಎಂದು ಹಾರೈಸುತ್ತೇನೆ.